ನೀರಿಳಿಯುವ ಹೊತ್ತು ನೋಡಿ ಬನ್ನಿ: ಅಘನಾಶಿನಿ ಅಳಿವೆಯ ನಡಿಗೆ ಮತ್ತು ಸೇವೆ ಕುರಿತು ಓದುಗರ ಪ್ರಶ್ನೆಗಳು

ಶಿರಸಿಯ ಬಳಿ ಹುಟ್ಟಿ, ದಾರಿಯಲ್ಲಿ ಎಲ್ಲಿಯೂ ಅಣೆಕಟ್ಟಿಗೆ ಸಿಲುಕದೆ ಕುಮಟಾ ತಾಲ್ಲೂಕಿನಲ್ಲಿ ಕಡಲು ಸೇರುವ ಅಘನಾಶಿನಿಯ ಅಳಿವೆಗೆ 2024ರ ಜನವರಿಯಲ್ಲಿ ರಾಮ್ಸರ್ ತಾಣದ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶದ, ಮನ್ನಣೆ ದೊರೆಯಿತು. 4,801 ಹೆಕ್ಟೇರಿನ ಈ ಪ್ರದೇಶದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ವನ, ಕೆಸರು ಬಯಲು, ಉಪ್ಪು ನೀರಿನಂಚಿನ ಗಜನಿ ಗದ್ದೆ, ಬಳಚಿನ (ತಿನ್ನುವ ಚಿಪ್ಪುಜೀವಿಯ) ದಿಬ್ಬ ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿವೆ. ಅಲ್ಲಿಗೆ ಹೋಗಬೇಕು, ಸಾಧ್ಯವಾದರೆ ಒಂದು ದಿನ ಕೈಲಾದ ಕೆಲಸವನ್ನೂ ಮಾಡಿ ಬರಬೇಕು ಎನ್ನುವವರ ಪತ್ರಗಳು ಬರುತ್ತಿರುವುದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಕಳೆದ ಡಿಸೆಂಬರಿನಲ್ಲಿ, ಹುಣ್ಣಿಮೆಯ ಮರುದಿನ, ಮಕ್ಕಳನ್ನು ಕರೆದುಕೊಂಡು ಅಘನಾಶಿನಿ ಅಳಿವೆಗೆ ಹೋಗಿದ್ದೆವು. ಬೆಳಗಿನ ಹತ್ತೂವರೆಗೆ ತಲುಪಿದರೆ ಕಣ್ಣು ಹಾಯಿಸಿದಲ್ಲೆಲ್ಲ ನೀರು. ಹಕ್ಕಿಯೂ ಇಲ್ಲ, ಏಡಿಯೂ ಇಲ್ಲ. ದೋಣಿಯವರು “ಸಂಜೆ ಬನ್ನಿ” ಎಂದರು. ನಮಗೆ ಮಧ್ಯಾಹ್ನಕ್ಕೆ ಬಸ್ಸಿತ್ತು. ಯಾವ ಹೊತ್ತಿಗೆ ಹೋಗಬೇಕಿತ್ತು? (ಓದುಗರು, ದಾವಣಗೆರೆ)

ಉತ್ತರ: ದೋಣಿಯವರು ಸರಿಯಾಗಿಯೇ ಹೇಳಿದ್ದಾರೆ. ಅಳಿವೆಯಲ್ಲಿ ಹೊತ್ತನ್ನು ಗೊತ್ತುಮಾಡುವುದು ಗಡಿಯಾರವಲ್ಲ, ಚಂದ್ರ. ನಮ್ಮ ಕರಾವಳಿಯಲ್ಲಿ ಸುಮಾರು 24 ಗಂಟೆ 50 ನಿಮಿಷಗಳ ಅವಧಿಯಲ್ಲಿ ಎರಡು ಸಲ ಉಬ್ಬರ, ಎರಡು ಸಲ ಇಳಿತ ಆಗುತ್ತದೆ. ಆ ಹೆಚ್ಚುವರಿ 50 ನಿಮಿಷದಿಂದಾಗಿಯೇ ಇಂದು ಹತ್ತು ಗಂಟೆಗೆ ತುಂಬಿದ ನೀರು ನಾಳೆ ತುಂಬುವುದು ಹನ್ನೊಂದರ ಹತ್ತಿರಕ್ಕೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಇಲ್ಲಿ ನೀರು ತುಂಬಿ ನಿಲ್ಲುವುದು ಮಧ್ಯಾಹ್ನದ ಅತ್ತಿತ್ತ. ಇಳಿದು ಬಯಲು ತೆರೆದುಕೊಳ್ಳುವುದು ನಸುಕಿನಲ್ಲಿ ಮತ್ತು ಸಂಜೆ. ಆ ದಿನಗಳಲ್ಲಿ ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು. ಅಷ್ಟಮಿಯ ಹೊತ್ತಿಗೆ ಲೆಕ್ಕ ತಿರುಗಿ ಮಧ್ಯಾಹ್ನದ ಹೊತ್ತಿಗೆ ನೀರು ಇಳಿದಿರುತ್ತದೆ, ಆದರೆ ಇಳಿತ ಚಿಕ್ಕದಾದ್ದರಿಂದ ತೆರೆದುಕೊಳ್ಳುವ ನೆಲವೂ ಕಡಿಮೆ.

ಹಾಗಾಗಿ ಬಸ್ಸಿನ ಟಿಕೆಟ್ಟು ಕಾಯ್ದಿರಿಸುವ ಮೊದಲು ಮನೆಯ ಪಂಚಾಂಗದಲ್ಲಿ ತಿಥಿ ನೋಡಿ. ನಿಖರವಾದ ಗಂಟೆ ಬೇಕೆಂದರೆ ಭಾರತೀಯ ಸರ್ವೇಕ್ಷಣಾ ಇಲಾಖೆಯು ಪ್ರತಿ ವರ್ಷ ಉಬ್ಬರವಿಳಿತದ ಕೋಷ್ಟಕಗಳನ್ನು ಪ್ರಕಟಿಸುತ್ತದೆ. ಕಡಲ ಮಾಹಿತಿ ನೀಡುವ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯೂ ಮುನ್ಸೂಚನೆ ಕೊಡುತ್ತದೆ. ಕಾರವಾರದ ಅಂಕಿ ಹಿಡಿದು ಹೊರಟರೆ ಸಾಕು, ಆದರೆ ಒಂದು ಮಾತು ನೆನಪಿರಲಿ: ಅದು ಕಡಲ ಬಾಯಿಯ ಹೊತ್ತು. ಅಳಿವೆಯ ಒಳಗೆ, ಮಿರ್ಜಾನಿನ ಕಡೆಗೆ ಸರಿದಂತೆಲ್ಲ ನೀರು ಏರುವುದೂ ಇಳಿಯುವುದೂ ತಡವಾಗುತ್ತದೆ. ಎಷ್ಟು ತಡ ಎಂಬುದನ್ನು ಅಲ್ಲಿಯ ದೋಣಿಯವರಷ್ಟು ಚೆನ್ನಾಗಿ ಯಾವ ಕೋಷ್ಟಕವೂ ಹೇಳಲಾರದು. ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ. ನೀರು ಪೂರ್ತಿ ಇಳಿಯುವುದಕ್ಕೆ ಎರಡು ಗಂಟೆ ಮೊದಲು ದಂಡೆಯಲ್ಲಿರಿ, ಇಳಿಯುವ ನೀರಿನ ಹಿಂದೆಯೇ ನಿಧಾನವಾಗಿ ನಡೆಯಿರಿ, ನೀರು ನಿಂತಿತು ಎನಿಸಿದ ಕೂಡಲೇ ಹಿಂದಿರುಗಿ. ಏರುವ ನೀರು ಮೊದಲು ತುಂಬುವುದು ನಿಮ್ಮ ಮುಂದಿನ ಜಾಗವನ್ನಲ್ಲ, ನೀವು ದಾಟಿ ಬಂದ ಹಿಂದಿನ ಕಾಲುವೆಯನ್ನು.

ಆ ಎರಡು ಗಂಟೆಗಳಲ್ಲಿ ನಿಮ್ಮ ಮಕ್ಕಳಿಗೆ ಕಾಣುವುದು ಬಹಳ. ಮರಳು ಮಿಶ್ರಿತ ನೆಲದಲ್ಲಿ ಉಗುರಿಗಿಂತ ತುಸು ದೊಡ್ಡದಾದ ಏಡಿಯೊಂದು ಬಿಲದಿಂದ ಹೊರಬಂದು ಮರಳನ್ನು ಬಾಯಿಗೆ ತುಂಬಿ, ತಿನ್ನುವ ಅಂಶವನ್ನು ಹೀರಿಕೊಂಡು, ಉಳಿದ ಮರಳನ್ನು ಸಾಸಿವೆಗಿಂತ ಒಂದಿಷ್ಟು ದೊಡ್ಡ ಉಂಡೆ ಮಾಡಿ ಕಾಲ ಸಂದಿನಿಂದ ಹಿಂದಕ್ಕೆ ತಳ್ಳುತ್ತದೆ. ಅರ್ಧ ಗಂಟೆಯೊಳಗೆ ಬಿಲದ ಸುತ್ತ ರಂಗೋಲಿಯ ಎಳೆಗಳಂತೆ ಉಂಡೆಗಳ ಸಾಲು ಬೆಳೆದಿರುತ್ತದೆ. ಮುಂದಿನ ಉಬ್ಬರಕ್ಕೆ ಅದೆಲ್ಲ ಅಳಿದು, ಮರುದಿನ ಮತ್ತೆ ಮೊದಲಿನಿಂದ. ಸೆಪ್ಟೆಂಬರಿನಿಂದ ಮಾರ್ಚ್‌ವರೆಗೆ ಉತ್ತರದ ದೇಶಗಳಿಂದ ವಲಸೆ ಬರುವ ಹಕ್ಕಿಗಳು ಇದೇ ಬಯಲಿನ ಮೇಲೆ ಕೊಕ್ಕಾಡಿಸುತ್ತವೆ. ಸೊಂಟದವರೆಗಿನ ನೀರಿನಲ್ಲಿ ನಿಂತು ಕಾಲಿನಿಂದಲೇ ಬಳಚು ಗುರುತಿಸಿ ಬುಟ್ಟಿ ತುಂಬುವ ಹೆಂಗಸರೂ ಆಗ ಅಲ್ಲಿರುತ್ತಾರೆ. ಅದು ಅವರು ದುಡಿಯುವ ಜಾಗ. ಕೇಳದೆ ಫೋಟೋ ತೆಗೆಯಬೇಡಿ. ಕೇಳಿ, ಮಾತನಾಡಿಸಿದರೆ ಯಾವ ಮಾರ್ಗದರ್ಶಿಯೂ ಹೇಳದ ಸಂಗತಿಗಳು ನಿಮಗೆ ತಿಳಿಯುತ್ತವೆ.

ಪ್ರಶ್ನೆ: ನನ್ನ ತಾಯಿಗೆ 68 ವರ್ಷ, ಮಂಡಿ ನೋವಿದೆ. ಕಾಂಡ್ಲಾ ವನವನ್ನು ಹತ್ತಿರದಿಂದ ನೋಡುವ ಆಸೆ ಅವರಿಗೆ. ಕೆಸರಿಗೆ ಇಳಿಯದೆ ಸಾಧ್ಯವೇ? (ಗೃಹಿಣಿ, ಸಾಗರ)

ಉತ್ತರ: ಸಾಧ್ಯ. ಅಘನಾಶಿನಿಯ ಬದಲು ಹೊನ್ನಾವರಕ್ಕೆ ಕರೆದೊಯ್ಯಿರಿ. ಶರಾವತಿ ಕಡಲು ಸೇರುವಲ್ಲಿ, ಕಾಸರಕೋಡಿನ ಬಳಿ, ಅರಣ್ಯ ಇಲಾಖೆಯು ಕಾಂಡ್ಲಾ ಮರಗಳ ನಡುವೆ ಹಲಗೆಯ ನಡಿಗೆ ಹಾದಿಯನ್ನು ನಿರ್ಮಿಸಿದೆ. ಕಾಲಿಗೆ ಕೆಸರು ತಾಗದೆ, ನೆಲದಿಂದ ಮೇಲಕ್ಕೆ ಚಾಚಿ ಉಸಿರಾಡುವ ಬೇರುಗಳನ್ನೂ, ಕೊಂಬೆಗಳಿಂದ ಕೊಡೆಯ ಕಡ್ಡಿಗಳಂತೆ ಇಳಿದು ನೆಲ ಹಿಡಿಯುವ ಬೇರುಗಳನ್ನೂ ನಿಂತು ನೋಡಬಹುದು. ಇಲ್ಲಿಯೂ ಇಳಿತದ ಹೊತ್ತನ್ನೇ ಆರಿಸಿಕೊಳ್ಳಿ, ನೀರು ತುಂಬಿದ್ದರೆ ಬೇರುಗಳು ಮುಚ್ಚಿಹೋಗಿರುತ್ತವೆ. ಬಿಸಿಲೇರುವ ಮುಂಚೆ ಹೋಗಿ. ಮಳೆಗಾಲದಲ್ಲಿ ಹಲಗೆ ಜಾರುತ್ತದೆ, ಆ ತಿಂಗಳುಗಳಲ್ಲಿ ತಾಯಿಯವರನ್ನು ಕರೆದೊಯ್ಯುವುದು ಬೇಡ.

ಪ್ರಶ್ನೆ: ಕುಮಟಾದಿಂದ ಗೋಕರ್ಣಕ್ಕೆ ದಂಡೆಯುದ್ದಕ್ಕೂ ಚಾರಣ ಕರೆದೊಯ್ಯುವ ತಂಡಗಳಿವೆಯಂತೆ. ಸ್ನೇಹಿತರೆಲ್ಲ ಸೇರಿ ಹೊರಟಿದ್ದೇವೆ. ತಂಡವನ್ನು ಆರಿಸುವಾಗ ಏನನ್ನು ಗಮನಿಸಬೇಕು? (ಎಂಜಿನಿಯರ್, ಬೆಂಗಳೂರು)

ಉತ್ತರ: ಸುಮಾರು 20ರಿಂದ 25 ಕಿಲೋಮೀಟರಿನ ಈ ಹಾದಿ ಕರ್ನಾಟಕದ ಕಡಲಂಚಿನ ಚಾರಣಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು. ಮರಳ ದಂಡೆ, ಜಂಬಿಟ್ಟಿಗೆಯ ಗುಡ್ಡ, ಅಘನಾಶಿನಿ ಊರಿನಿಂದ ತದಡಿಗೆ ದೋಣಿ, ಅಲ್ಲಿಂದ ಬೇಲೆಕಾನ್ ದಾಟಿ ಪ್ಯಾರಡೈಸ್, ಹಾಫ್‌ಮೂನ್, ಓಂ, ಕುಡ್ಲೆ ಕಡಲತೀರಗಳು, ಕಡೆಗೆ ಗೋಕರ್ಣ. ದರ ಕೇಳುವ ಮೊದಲು ನಾಲ್ಕು ವಿಷಯ ಕೇಳಿ. ತಂಡದಲ್ಲಿ ಎಷ್ಟು ಜನ? ಹದಿನೈದು ದಾಟಿದರೆ ಮುಂದಿನವರಿಗೆ ಹೇಳಿದ್ದು ಹಿಂದಿನವರಿಗೆ ಕೇಳುವುದಿಲ್ಲ, ಇಕ್ಕಟ್ಟಾದ ಬಂಡೆ ಹಾದಿಯಲ್ಲಿ ಅದು ಅಪಾಯ. ಮುಂದೆ ನಡೆಯುವವರು ಈ ಊರಿನವರೇ? ದಿನದ ಉಬ್ಬರವಿಳಿತ ನೋಡಿ ಹೊರಡುವ ಹೊತ್ತನ್ನು ಬದಲಾಯಿಸುತ್ತಾರೆಯೇ, ಇಲ್ಲ ಪ್ರತಿ ವಾರಾಂತ್ಯವೂ ಒಂದೇ ವೇಳಾಪಟ್ಟಿಯೇ? ರಾತ್ರಿ ಮರಳ ಮೇಲೆ ಬೆಂಕಿ ಹಾಕುತ್ತಾರೆಯೇ?

ಕೊನೆಯ ಪ್ರಶ್ನೆಗೆ “ಹೌದು, ಕ್ಯಾಂಪ್‌ಫೈರ್ ಇದೆ” ಎಂಬ ಉತ್ತರ ಬಂದರೆ ಬೇರೆ ತಂಡ ನೋಡಿಕೊಳ್ಳಿ ಎಂದು ಖಂಡಿತವಾಗಿ ಹೇಳುತ್ತೇನೆ. ಚಳಿಗಾಲದ ತಿಂಗಳುಗಳು ಕಡಲಾಮೆಗಳು ಮೊಟ್ಟೆಯಿಡುವ ಕಾಲ. ಬೆಂಕಿ, ದೀಪ, ಗದ್ದಲಗಳಿದ್ದ ದಂಡೆಗೆ ಬಂದ ತಾಯಿ ಆಮೆ ಮೊಟ್ಟೆಯಿಡದೆಯೇ ನೀರಿಗೆ ಮರಳಿಬಿಡಬಹುದು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಈ ಹಾದಿ ಹಿಡಿಯಬೇಡಿ. ಕಡಲನ್ನೇ ನಂಬಿದ ಯಾಂತ್ರಿಕ ದೋಣಿಗಳು ಕೂಡ ಜೂನ್ ಮತ್ತು ಜುಲೈ ಪೂರ್ತಿ ದಡದಲ್ಲಿ ಕಟ್ಟಿ ನಿಲ್ಲುವ ಕಾಲವದು.

ಪ್ರಶ್ನೆ: ನಮ್ಮ ಕಾಲೇಜಿನ ಎನ್ನೆಸ್ಸೆಸ್ ಘಟಕದ 60 ವಿದ್ಯಾರ್ಥಿಗಳೊಂದಿಗೆ ಜುಲೈ ಮೊದಲ ವಾರದ ವನಮಹೋತ್ಸವಕ್ಕೆ ಅಘನಾಶಿನಿಯಲ್ಲಿ ಒಂದೇ ದಿನ 1,000 ಕಾಂಡ್ಲಾ ಸಸಿ ನೆಡಬೇಕೆಂದಿದ್ದೇವೆ. ಖಾಲಿ ಕೆಸರು ಬಯಲು ಬೇಕಾದಷ್ಟಿದೆ ಎಂದು ತಿಳಿಯಿತು. ಮಾರ್ಗದರ್ಶನ ಮಾಡಿ. (ಕಾರ್ಯಕ್ರಮಾಧಿಕಾರಿ, ಹುಬ್ಬಳ್ಳಿ)

ಉತ್ತರ: ನಿಮ್ಮ ಉತ್ಸಾಹಕ್ಕೆ ನಮಸ್ಕಾರ. ಆದರೆ “ಖಾಲಿ ಕೆಸರು ಬಯಲು” ಎಂಬ ಮೂರು ಪದಗಳ ಬಗ್ಗೆ ಸ್ವಲ್ಪ ದೀರ್ಘವಾಗಿಯೇ ಬರೆಯಬೇಕಾಗಿದೆ.

ಹಲವು ವರ್ಷಗಳ ಹಿಂದೆ ಇಂಥದೇ ಒಂದು ತಂಡದ ಜೊತೆ ನಾನೂ ಸಸಿ ನೆಟ್ಟಿದ್ದೇನೆ. ಇಳಿತದಲ್ಲಿ ತೆರೆದುಕೊಂಡಿದ್ದ ವಿಶಾಲವಾದ ಕೆಸರಿನಲ್ಲಿ ಸಾಲುಹಿಡಿದು ಕಾಂಡ್ಲಾದ ಕೋಡು (ಮರದಲ್ಲೇ ಮೊಳೆತ ಉದ್ದನೆಯ ಬೀಜ) ಊರಿ, ಫೋಟೋ ತೆಗೆಸಿಕೊಂಡು, ಸಂತೋಷದಿಂದ ಮರಳಿದೆವು. ಅಲ್ಲಿದ್ದ ಹಿರಿಯ ಹೆಂಗಸೊಬ್ಬರು “ಇದು ಬಳಚಿನ ಜಾಗ ಮಗಾ, ಇಲ್ಲಿ ಗಿಡ ಏಳೂದಿಲ್ಲ” ಎಂದದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮರುವರ್ಷ ಹೋದಾಗ ನಿಂತಿದ್ದ ನಾಲ್ಕಾರು ಕೋಡುಗಳ ಮೇಲೆ ಬೆರಳು ಇಡಲು ಜಾಗವಿಲ್ಲದಂತೆ ಸುಣ್ಣದ ಚಿಪ್ಪಿನ ಜೀವಿಗಳು ಅಂಟಿಕೊಂಡಿದ್ದವು; ಎಲೆ ಒಂದೂ ಇರಲಿಲ್ಲ. ಆಕೆಯ ಮಾತನ್ನು ಅಂದೇ ಕೇಳಬೇಕಿತ್ತು ಎಂಬ ನೋವು ನನಗೆ ಈಗಲೂ ಇದೆ.

ಕಾರಣ ಸರಳ. ಕಾಂಡ್ಲಾ ಉಪ್ಪು ನೀರಿನ ಮರವೇ ಹೊರತು ನೀರೊಳಗಿನ ಮರವಲ್ಲ. ಉಬ್ಬರದ ನೀರು ಮುಟ್ಟಿ ಹೋಗುವ ನೆಲದ ಮೇಲಿನ ಅರ್ಧಭಾಗದಲ್ಲಿ, ಅಂದರೆ ದಿನದ ಹೆಚ್ಚು ಹೊತ್ತು ಗಾಳಿಗೆ ತೆರೆದಿರುವಲ್ಲಿ ಅದು ಬೇರೂರುತ್ತದೆ. ಅದಕ್ಕಿಂತ ತಗ್ಗಿನಲ್ಲಿ ನೆಟ್ಟರೆ ಬೇರಿಗೆ ಉಸಿರು ಸಿಗದು. ಆ ತಗ್ಗಿನ ಬಯಲು ನಮ್ಮ ಕಣ್ಣಿಗೆ ಖಾಲಿ; ಒಳಗೆ ಬಳಚಿದೆ, ಹುಳುವಿದೆ, ಏಡಿಯಿದೆ, ಅವನ್ನು ನೆಚ್ಚಿದ ಹಕ್ಕಿಯೂ ಮನುಷ್ಯರೂ ಇದ್ದಾರೆ. 2004ರ ಸುನಾಮಿಯ ಬಳಿಕ ಶ್ರೀಲಂಕಾದಲ್ಲಿ ಬಹಳ ಹಣ, ಬಹಳ ಶ್ರಮ ಹಾಕಿ ನೆಟ್ಟ ಕಾಂಡ್ಲಾ ಸಸಿಗಳಲ್ಲಿ ಬಹುಪಾಲು ಸತ್ತುಹೋದವು; ಜಾಗದ ಆಯ್ಕೆ ತಪ್ಪಿದ್ದು ಅದಕ್ಕೆ ಮುಖ್ಯ ಕಾರಣಗಳಲ್ಲೊಂದು. ಸರಿಯಾದ ಎತ್ತರವಿದ್ದು, ಹತ್ತಿರದಲ್ಲಿ ತಾಯಿ ಮರಗಳಿದ್ದರೆ ನೀರೇ ಬೀಜ ತಂದು ಬಿತ್ತುತ್ತದೆ. ಮರದ ಮೇಲೇ ಮೊಳೆತು ನುಗ್ಗೆಕಾಯಿಯಂತೆ ಜೋತಾಡುವ ಆ ಕೋಡು ಮಳೆಗಾಲದಲ್ಲಿ ಕಳಚಿ ತೇಲಿ ತನಗೆ ಹಿಡಿಸಿದ ಕಡೆ ನಿಲ್ಲುವುದೇ ಅದಕ್ಕಾಗಿ. ನೀರು ಬಿತ್ತಲಾರದ ಕಡೆ ಮಾತ್ರ ನಮ್ಮ ಕೈ ಬೇಕು.

ಅಂಥ ಜಾಗಗಳೂ ಅಘನಾಶಿನಿಯಲ್ಲಿವೆ. ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳನ್ನು ಉಪ್ಪು ನೀರಿನಿಂದ ಕಾಯುವ ಕಟ್ಟೆಗಳ ಹೊರಮೈ ಅವುಗಳಲ್ಲಿ ಮುಖ್ಯವಾದದ್ದು. ಅಲ್ಲಿ ಕಾಂಡ್ಲಾ ಬೆಳೆದು ನಿಂತರೆ ಅಲೆಯ ಹೊಡೆತ ಕಟ್ಟೆಗೆ ನೇರವಾಗಿ ತಗಲುವುದಿಲ್ಲ. ಆದರೆ ಎಲ್ಲಿ, ಯಾವ ಜಾತಿ, ಎಷ್ಟು ಎಂಬುದನ್ನು ತೀರ್ಮಾನಿಸಬೇಕಾದವರು ಹೊನ್ನಾವರ ಅರಣ್ಯ ವಿಭಾಗದ ಅಧಿಕಾರಿಗಳು ಮತ್ತು ಆ ಗದ್ದೆಯ ರೈತರು. ಮೊದಲು ವಿಭಾಗದ ಕಚೇರಿಗೆ ಲಿಖಿತವಾಗಿ ಬರೆದು ಅನುಮತಿ ಪಡೆಯಿರಿ. ಕಾಂಡ್ಲಾ ಪ್ರದೇಶಗಳು ಕರಾವಳಿ ನಿಯಂತ್ರಣ ವಲಯದ ಅತ್ಯಂತ ಬಿಗಿಯಾದ ವರ್ಗಕ್ಕೆ ಸೇರಿರುವುದರಿಂದ ಅಲ್ಲಿ ಸ್ವಂತ ತೀರ್ಮಾನದಿಂದ ಏನನ್ನೂ ಮಾಡುವಂತಿಲ್ಲ.

ನಿಮ್ಮ ಬೇಡಿಕೆಯನ್ನೇ ಸ್ವಲ್ಪ ಬದಲಾಯಿಸಿಕೊಳ್ಳಲು ಸಾಧ್ಯವೇ ಎಂದು ಕೇಳುತ್ತಿದ್ದೇನೆ. 60 ಮಂದಿ ಒಂದು ದಿನ ಬರುವ ಬದಲು 12 ಮಂದಿ ಐದು ಸಲ ಬನ್ನಿ. ಕಳೆದ ವರ್ಷ ಇಲಾಖೆ ನೆಟ್ಟ ಸಸಿಗಳಲ್ಲಿ ಎಷ್ಟು ಉಳಿದಿವೆ ಎಂದು ಸಾಲುಸಾಲಾಗಿ ಎಣಿಸಿ ಕೊಡಿ. ಉಬ್ಬರದಲ್ಲಿ ತೇಲಿ ಬಂದ ನೈಲಾನ್ ಬಲೆಯ ತುಂಡು ಎಳೆಯ ಗಿಡದ ಕುತ್ತಿಗೆಗೆ ಎರಡು ಸುತ್ತು ಸುತ್ತಿಕೊಂಡಿರುತ್ತದೆ. ಪ್ರತಿ ಅಲೆಗೂ ಅದು ಗಿಡವನ್ನು ಒಂದಿಷ್ಟು ಬಾಗಿಸಿ, ತೊಗಟೆಯನ್ನು ಉಜ್ಜಿ, ಕಡೆಗೆ ಬುಡಸಮೇತ ಕೀಳುತ್ತದೆ. ಎಳೆದರೆ ಗಿಡವೇ ಕೈಗೆ ಬರುವುದರಿಂದ ಒಂದೊಂದು ಎಳೆಯನ್ನೂ ಕತ್ತರಿಯಿಂದ ಬಿಡಿಸಬೇಕು. ಒಂದು ಗಿಡಕ್ಕೆ ಐದು ನಿಮಿಷ ಹಿಡಿಯುವ ಈ ಕೆಲಸದ ಫೋಟೋ ಚೆನ್ನಾಗಿ ಬರುವುದಿಲ್ಲ, ಆದರೆ ಒಂದು ಸಾವಿರ ಹೊಸ ಸಸಿಗಳಿಗಿಂತ ಹೀಗೆ ಉಳಿಸಿದ ಇನ್ನೂರು ಗಿಡಗಳೇ ಅಳಿವೆಗೆ ಹೆಚ್ಚು ಬೇಕಾಗಿವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ವಿದ್ಯಾರ್ಥಿಗಳಿಗೆ ಹಿಮ್ಮಡಿ ಬಿಗಿಯುವ ಹಳೆಯ ಕ್ಯಾನ್ವಾಸ್ ಶೂ ಹಾಕಿಸಿ. ಕಲ್ಲಿಗಂಟಿದ ಚಿಪ್ಪುಗಳು ಬ್ಲೇಡಿನಂತೆ ಅಂಗಾಲು ಸೀಳುತ್ತವೆ, ಗಮ್‌ಬೂಟು ಕೆಸರಿನಲ್ಲೇ ಉಳಿದುಬಿಡುತ್ತದೆ. ನೀರಿನಲ್ಲಿ ಹೆಜ್ಜೆ ಎತ್ತಿಡದೆ ಪಾದ ಜಾರಿಸುತ್ತ ನಡೆದರೆ ಕೆಸರಿನಲ್ಲಿ ಹುದುಗಿದ, ಬಾಲದಲ್ಲಿ ವಿಷಮುಳ್ಳಿರುವ ತೊರಕೆ ಮೀನು ಮೊದಲೇ ಸರಿದು ಹೋಗುತ್ತದೆ. ಕಾಂಡ್ಲಾ ವನದಲ್ಲಿ ಹಾಲು ಒಸರುವ ಒಂದು ಜಾತಿಯ ಮರವಿದೆ. ಅದರ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ, ಆದ್ದರಿಂದ ಯಾರೂ ಕೊಂಬೆ ಮುರಿಯದಂತೆ ಮೊದಲೇ ತಿಳಿಸಿ.

ಪ್ರಶ್ನೆ: ಸೆಪ್ಟೆಂಬರಿನ ಮೂರನೆಯ ಶನಿವಾರ ಅಂತರರಾಷ್ಟ್ರೀಯ ಕಡಲತೀರ ಸ್ವಚ್ಛತಾ ದಿನವಂತೆ. ನಮ್ಮ ಮಹಿಳಾ ಮಂಡಳದಿಂದ ಭಾಗವಹಿಸಬೇಕೆಂದಿದ್ದೇವೆ. ಏನು ಹೆಕ್ಕಬೇಕು, ಏನು ಬಿಡಬೇಕು? (ಕಾರ್ಯದರ್ಶಿ, ಅಂಕೋಲಾ)

ಉತ್ತರ: ಬಹಳ ಒಳ್ಳೆಯ ದಿನವನ್ನೇ ಆರಿಸಿದ್ದೀರಿ, ಮಳೆಗಾಲದ ಕಡಲು ತಾನು ನುಂಗಿದ್ದನ್ನೆಲ್ಲ ದಂಡೆಗೆ ಹಾಕಿರುವ ಸಮಯವದು. ಮನುಷ್ಯ ಮಾಡಿದ ವಸ್ತುವನ್ನು ಹೆಕ್ಕಿ: ಪ್ಲಾಸ್ಟಿಕ್, ಥರ್ಮೊಕೋಲ್, ಗಾಜು, ಚಪ್ಪಲಿ, ಬಲೆ, ಹಗ್ಗ. ಕಡಲ ಪಾಚಿ, ಚಿಪ್ಪು, ತೇಲಿ ಬಂದ ಕಟ್ಟಿಗೆಗಳನ್ನು ಬಿಟ್ಟುಬಿಡಿ. ಕಸದಂತೆ ಕಂಡರೂ ಅವು ದಂಡೆಯ ಜೀವಿಗಳಿಗೆ ಆಹಾರ, ಆಸರೆ. ಮರಳ ಮೇಲೆ ಹಬ್ಬಿದ ಅಡುಂಬು ಬಳ್ಳಿಯನ್ನೂ ಮುಳ್ಳುಮುಳ್ಳಾದ ರಾವಣನ ಮೀಸೆಯನ್ನೂ “ಕಳೆ” ಎಂದು ಕಿತ್ತು ಸ್ವಚ್ಛಗೊಳಿಸಿದ ತಂಡಗಳನ್ನು ನಾನು ಕಂಡಿದ್ದೇನೆ. ಮರಳ ದಿಬ್ಬವನ್ನು ಹಿಡಿದು ನಿಲ್ಲಿಸಿರುವುದೇ ಅವು, ದಯವಿಟ್ಟು ಮುಟ್ಟಬೇಡಿ. ಅರ್ಧ ಹೂತ ದೊಡ್ಡ ಬಲೆಯನ್ನು ಜಗ್ಗಿ ಎಳೆಯದೆ, ಕಾಣುವಷ್ಟನ್ನು ಕತ್ತರಿಸಿ ತೆಗೆಯಿರಿ. ಕಾಲಿಗೆ ಡಾಂಬರಿನಂಥ ಕಪ್ಪು ಉಂಡೆ ಅಂಟಿದರೆ ಸೀಮೆಎಣ್ಣೆ ಹಚ್ಚಬೇಡಿ, ತೆಂಗಿನೆಣ್ಣೆ ಸವರಿ ಒರೆಸಿದರೆ ಬಿಡುತ್ತದೆ.

ಹೆಕ್ಕುವುದಕ್ಕಿಂತ ಮುಂಚೆ ನಿರ್ಧರಿಸಬೇಕಾದದ್ದು ಹೆಕ್ಕಿದ್ದು ಎಲ್ಲಿಗೆ ಹೋಗುತ್ತದೆ ಎಂಬುದನ್ನು. ಚೀಲಗಳನ್ನು ದಂಡೆಯ ಮೇಲೆ ರಾಶಿ ಹಾಕಿ ಹೊರಟರೆ ರಾತ್ರಿಯ ನಾಯಿಗಳೂ ಮರುದಿನದ ಉಬ್ಬರವೂ ಅದನ್ನು ಮತ್ತೆ ಹರಡುತ್ತವೆ. ಒಂದು ವಾರ ಮೊದಲೇ ಗ್ರಾಮ ಪಂಚಾಯತಿಯವರನ್ನು ಕಂಡು, ಅವರ ಒಣಕಸದ ಘಟಕ ಏನನ್ನು ತೆಗೆದುಕೊಳ್ಳುತ್ತದೆ, ವಾಹನ ಎಷ್ಟು ಗಂಟೆಗೆ ಬರುತ್ತದೆ ಎಂದು ಗೊತ್ತುಮಾಡಿಕೊಳ್ಳಿ. ಉಪ್ಪು, ಮರಳು ಮೆತ್ತಿದ ಒದ್ದೆ ಪ್ಲಾಸ್ಟಿಕ್ಕನ್ನು ಕೊಳ್ಳುವವರು ಕಡಿಮೆ. ಅದನ್ನು ಕೊಡವಿ, ಒಣಗಿಸಿ, ಬೇರೆ ಮಾಡಿ ಕೊಡಲು ಮಂಡಳದ ನಾಲ್ವರನ್ನು ಅದಕ್ಕೆಂದೇ ನೇಮಿಸಿ.

ಪ್ರಶ್ನೆ: ಕಡಲಾಮೆ ಮರಿಗಳು ನೀರಿಗೆ ಹೋಗುವುದನ್ನು ನೋಡಬೇಕು, ಸಾಧ್ಯವಾದರೆ ಕಾವಲಿಗೂ ನಿಲ್ಲಬೇಕು ಎಂಬುದು ನನ್ನ ಬಹುದಿನದ ಆಸೆ. (ವಿದ್ಯಾರ್ಥಿನಿ, ಮೈಸೂರು)

ಉತ್ತರ: ನಮ್ಮ ದಂಡೆಗೆ ಬರುವುದು ಹೆಚ್ಚಾಗಿ ಆಲಿವ್ ರಿಡ್ಲೆ ಜಾತಿಯ ಆಮೆ. ಚಳಿಗಾಲದ ರಾತ್ರಿಗಳಲ್ಲಿ ಮರಳು ತೋಡಿ ಒಂದು ಗುಂಡಿಗೆ ನೂರರ ಆಸುಪಾಸು ಮೊಟ್ಟೆಯಿಟ್ಟು ಮುಚ್ಚಿ ಹೋಗುತ್ತದೆ. 45ರಿಂದ 60 ದಿನಗಳಲ್ಲಿ ಮರಿಗಳು ಹೊರಬರುತ್ತವೆ. ಹೊನ್ನಾವರದ ಕಾಸರಕೋಡು ಟೊಂಕದ ಕಡೆ ಮೀನುಗಾರರು ಗೂಡು ಕಂಡರೆ ಅರಣ್ಯ ಇಲಾಖೆಗೆ ತಿಳಿಸುತ್ತಾರೆ, ಅವರು ಬಂದು ಸುತ್ತ ಬಲೆಯ ಬೇಲಿ ಹಾಕುತ್ತಾರೆ. ಆದ್ದರಿಂದ ನೀವು ಮಾಡಬೇಕಾದ್ದು ಇಲಾಖೆಯ ಕಚೇರಿಗೆ ಹೆಸರು ಕೊಟ್ಟು ಕಾಯುವುದು. ಮರಿ ಹೊರಡುವ ರಾತ್ರಿಯನ್ನು ಮುಂಗಡವಾಗಿ ಯಾರೂ ಹೇಳಲಾರರು, ಒಂದು ವಾರ ಬಿಡುವು ಮಾಡಿಕೊಂಡು ಬಂದರೂ ಕಾಣದೆ ಹೋಗಬಹುದು.

ಕಂಡರೆ, ಮುಟ್ಟಬೇಡಿ. ಎತ್ತಿಕೊಂಡು ಹೋಗಿ ನೀರಿಗೆ ಬಿಡುವುದು ಸಹಾಯವೆನಿಸುತ್ತದೆ, ಆದರೆ ಮರಳ ಮೇಲೆ ತೆವಳಿ ಹೋಗುವ ಆ ಕೆಲವು ಮೀಟರುಗಳು ಮರಿಗೆ ಬೇಕು. ಅವು ಬೆಳಕಿನ ಕಡೆ ಸಾಗುವ ಜೀವಗಳು. ಕತ್ತಲ ರಾತ್ರಿಯಲ್ಲಿ ನೀರಿನ ಮೇಲಿನ ಮಸುಕು ಬೆಳಕೇ ಅವಕ್ಕೆ ದಿಕ್ಕು, ನಿಮ್ಮ ಮೊಬೈಲಿನ ಟಾರ್ಚು ಹೊತ್ತಿದರೆ ನಿಮ್ಮ ಕಡೆಗೇ ತಿರುಗುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವುದರಿಂದ ಆಮೆಯನ್ನಾಗಲಿ ಮೊಟ್ಟೆಯನ್ನಾಗಲಿ ಅನುಮತಿಯಿಲ್ಲದೆ ಮುಟ್ಟುವುದು ಅಪರಾಧವೂ ಹೌದು. ಮೈಸೂರಿನಿಂದ ಬರುವ ನಿಮಗೆ ರಾತ್ರಿಯ ಕಾವಲಿಗಿಂತ ನಸುಕಿನ ನಡಿಗೆ ಹೆಚ್ಚು ಹೊಂದುತ್ತದೆ: ಬೆಳಕು ಹರಿಯುವ ಮುನ್ನ ದಂಡೆಯುದ್ದಕ್ಕೂ ನಡೆದು, ತಾಯಿ ಆಮೆ ಏರಿ ಇಳಿದ ಜಾಡು ಕಂಡರೆ, ಅದನ್ನು ತುಳಿಯದೆ, ಜಾಗವನ್ನು ಗುರುತಿಟ್ಟು ಸಿಬ್ಬಂದಿಗೆ ತಿಳಿಸುವುದು. ಜನ ಓಡಾಡಿ ಜಾಡು ಅಳಿಸಿಹೋಗುವ ಮೊದಲಿನ ಒಂದು ಗಂಟೆ ಅದಕ್ಕೆ ಸಿಗುವ ಸಮಯ.

ಪ್ರಶ್ನೆ: ಎಂಟು ವರ್ಷದ ಮಗಳು ದಂಡೆಯಿಂದ ಒಂದು ಡಬ್ಬಿ ತುಂಬ ಚಿಪ್ಪು ತಂದಿದ್ದಾಳೆ. ತಪ್ಪೇ? (ಶಿಕ್ಷಕರು, ಧಾರವಾಡ)

ಉತ್ತರ: ಗದರಿಸಬೇಡಿ. ಒಡೆದ, ಸವೆದ ಒಂದೆರಡು ಚೂರು ಅವಳ ಮೇಜಿನ ಮೇಲಿದ್ದರೆ ದಂಡೆಗೆ ನಷ್ಟವಿಲ್ಲ. ಇಡಿಯಾದ ಸುರುಳಿ ಚಿಪ್ಪುಗಳ ವಿಷಯ ಬೇರೆ. ಕೆಲವು ಜಾತಿಯ ಚಿಪ್ಪುಗಳಿಗೆ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ, ಮತ್ತು ಸನ್ಯಾಸಿ ಏಡಿಗೆ ತನ್ನದೇ ಚಿಪ್ಪಿಲ್ಲ. ಬೆಳೆದಂತೆಲ್ಲ ಅದು ಖಾಲಿ ಚಿಪ್ಪು ಹುಡುಕಿ ಮನೆ ಬದಲಾಯಿಸುತ್ತದೆ. ಮುಂದಿನ ಸಲ ಹೋದಾಗ ಸುರುಳಿ ಚಿಪ್ಪೊಂದನ್ನು ಮರಳ ಮೇಲಿಟ್ಟು ಮಗಳೊಂದಿಗೆ ಸದ್ದಿಲ್ಲದೆ ಐದು ನಿಮಿಷ ಕುಳಿತುಕೊಳ್ಳಿ. ಖಾಲಿಯೆಂದುಕೊಂಡ ಚಿಪ್ಪಿನಿಂದ ಮೊದಲು ಎರಡು ಕಣ್ಣು, ಆಮೇಲೆ ಒಂದು ಕೊಂಡಿ ಹೊರಬಂದರೆ, ಡಬ್ಬಿಯಲ್ಲಿ ಉಳಿದದ್ದನ್ನು ಏನು ಮಾಡಬೇಕೆಂದು ಅವಳೇ ತೀರ್ಮಾನಿಸುತ್ತಾಳೆ.